ಹಸಿಮೆಣಸಿನಕಾಯಿ: ಮುನಿರಾಬಾದ್ ಸೀಮೆಯಲ್ಲಿ ಬೀಜದಿಂದ ಮನೆಬೆಳೆ

ಸೊಲನೇಸಿ ಕುಟುಂಬದ ಕ್ಯಾಪ್ಸಿಕಂ ಆನುವಮ್ ಗಿಡದಲ್ಲಿ ಬಲಿತಿದ್ದರೂ ಇನ್ನೂ ಕೆಂಪಾಗದ ಕಾಯಿಯೇ ಹಸಿಮೆಣಸಿನಕಾಯಿ. ಬದನೆ, ಟೊಮೆಟೊ, ಆಲೂಗಡ್ಡೆ, ತಂಬಾಕು ಇದರ ಬಳಗ. ಮೆಕ್ಸಿಕೊದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಪಳಗಿದ ಈ ಗಿಡ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹತ್ತಿ ಗೋವೆಗೆ ಬಂತು. ಗೋವೆಯ ಕುದುರೆ ವ್ಯಾಪಾರಕ್ಕೆ ಆಗ ದೊಡ್ಡ ಗಿರಾಕಿ ವಿಜಯನಗರ. ಮುನಿರಾಬಾದಿನಿಂದ ತುಂಗಭದ್ರಾ ಹೊಳೆಗುಂಟ ಕೆಳಗೆ ಹೋದರೆ ಸಿಗುವ ಆನೆಗೊಂದಿ, ಹಂಪಿಗಳೇ ಆ ರಾಜ್ಯದ ನಡುಮನೆ. ಹಂಪಿಯಲ್ಲಿ ನೆಲೆಸಿದ್ದ ಪುರಂದರದಾಸರ (1484–1564) ಹೆಸರಿನಲ್ಲಿರುವ ಕೀರ್ತನೆಯೊಂದು ಮೆಣಸಿನಕಾಯಿಯನ್ನು ಬಣ್ಣಿಸುತ್ತದೆಂದು ಆಹಾರದ ಇತಿಹಾಸ ಬರೆದ ಕೆ.ಟಿ. ಅಚಯ ಉಲ್ಲೇಖಿಸಿದ್ದಾರೆ. ಆ ಕೀರ್ತನೆ ದಾಸರದೇ ಎಂದಾದರೆ, ಕರ್ನಾಟಕದಲ್ಲಿ ಮೊದಮೊದಲು ಈ ಖಾರ ಉಂಡವರಲ್ಲಿ ತುಂಗಭದ್ರೆಯ ದಡದವರೂ ಇದ್ದಾರೆ.

ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಊಟದಲ್ಲಿ ಹಸಿಕಾಯಿ ಇಲ್ಲದ ಹೊತ್ತು ಕಡಿಮೆ. ಕಾದ ಹೆಂಚಿನ ಮೇಲೆ ಬಾಡಿಸಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿದ ಹಸಿ ಖಾರ ಜೋಳದ ರೊಟ್ಟಿಗೆ ಬೇಕೇ ಬೇಕು. ಸಂಜೆಯಾದರೆ ಮಂಡಕ್ಕಿಯ ಜೊತೆ ಮಿರ್ಚಿ (ಮೆಣಸಿನಕಾಯಿ ಬಜ್ಜಿ). ಜನವರಿಯಲ್ಲಿ ನಡೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹದಲ್ಲಂತೂ ಇತ್ತೀಚಿನ ವರ್ಷಗಳಲ್ಲಿ ಮಿರ್ಚಿ ಕರಿಯುವುದು ಲಕ್ಷಗಳ ಲೆಕ್ಕದಲ್ಲಿ. ಇಷ್ಟಾಗಿಯೂ ಮನೆಯಂಗಳದ ಗಿಡಕ್ಕೆ ಅಗಿಯನ್ನು (ಸಸಿಗೆ ಈ ಕಡೆಯ ಹೆಸರು) ನರ್ಸರಿಯಿಂದ ತರುವವರೇ ಹೆಚ್ಚು. ಬೀಜ ಹಾಕಿ ಬೆಳೆಸುವುದರ ಲಾಭ ನಾಲ್ಕು ರೂಪಾಯಿ ಉಳಿಯುವುದರಲ್ಲಿ ಇಲ್ಲ. ಯಾವ ತಳಿ, ಯಾವ ಮಳೆಗೆ ಬಿತ್ತನೆ ಎಂಬ ಎರಡು ತೀರ್ಮಾನಗಳೂ ಆಗ ಬೆಳೆಯುವವರ ಕೈಯಲ್ಲಿರುತ್ತವೆ. ಈ ಸೀಮೆಯಲ್ಲಿ ಮೆಣಸಿನ ಗಿಡದ ಹಣೆಬರಹ ಬರೆಯುವುದು ಬಹುಮಟ್ಟಿಗೆ ಇವೆರಡೇ.

ನೆಲ ಮತ್ತು ನೀರು

ಮುನಿರಾಬಾದ್ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಊರು. 1945ರಲ್ಲಿ ಆರಂಭವಾದ ಕಟ್ಟಡ ಮುಗಿದು 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಈ ದಂಡೆ ಹೈದರಾಬಾದ್ ರಾಜ್ಯದಲ್ಲಿತ್ತು. ಎಡದಂಡೆ ಕಾಲುವೆ ಇಲ್ಲಿಂದಲೇ ಹೊರಟು ಗಂಗಾವತಿ, ಸಿಂಧನೂರು ದಾಟಿ ರಾಯಚೂರಿನತ್ತ ಹೋಗುತ್ತದೆ. ಅದಕ್ಕೂ ಹಿಂದಿನ ವಿಜಯನಗರದ ಕಾಲುವೆಗಳಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ ಕಾಲುವೆಗಳು ಈ ದಂಡೆಯ ತೋಟಪಟ್ಟಿಗಳಿಗೆ ಇನ್ನೂ ನೀರುಣಿಸುತ್ತಿವೆ. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಾತ್ರ. ಹಾಗಾಗಿ ಕೈತೋಟದವರು ಮೊದಲು ಕೇಳಿಕೊಳ್ಳಬೇಕಾದದ್ದು ನೀರು ಹೊಳೆಯದೋ ಬೋರಿನದೋ ಎಂಬುದನ್ನು.

ಮೆಣಸಿನ ಗಿಡ ಉಪ್ಪನ್ನು ಸಹಿಸುವುದರಲ್ಲಿ ಬಡಕಲು. ಹೊಳೆ, ಕಾಲುವೆಯ ನೀರು ಸಿಹಿ, ಅದರಲ್ಲಿ ತೊಂದರೆಯಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರುಗಳ ನೀರು ಗಡಸು, ಕೆಲವೆಡೆ ಸವುಳು. ಗಂಗಾವತಿ ಭಾಗದಲ್ಲಿ ವರ್ಷವಿಡೀ ಭತ್ತಕ್ಕೆ ನೀರು ಕಟ್ಟಿ ನೆಲವೇ ಸವುಳಾದ ಹೊಲಗಳಿವೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿ, ಎಲೆಯ ತುದಿ ಸುಟ್ಟಂತೆ ಕಂದಾದರೆ ಉಪ್ಪು ಏರಿದೆಯೆಂದೇ ಅರ್ಥ. ಹಾಗಾದಾಗ ಗೊಬ್ಬರ ಹಾಕಿದರೆ ಗಿಡ ಇನ್ನಷ್ಟು ಸೊರಗುತ್ತದೆ. ತಳದ ತೂತಿನಿಂದ ನೀರು ಧಾರಾಳವಾಗಿ ಹೊರಬೀಳುವವರೆಗೆ ಮಳೆನೀರನ್ನೋ ಹೊಳೆನೀರನ್ನೋ ಸುರಿದು ಮಣ್ಣು ತೊಳೆಯಬೇಕು. ಮಾಳಿಗೆಯ ಮಳೆನೀರನ್ನು ಒಂದು ಪೀಪಾಯಿಯಲ್ಲಿ ಹಿಡಿದಿಟ್ಟವರಿಗೆ ಈ ಕೆಲಸ ಹಗುರ.

ಮಣ್ಣಿನಲ್ಲಿ ಕೊಪ್ಪಳ, ಕುಷ್ಟಗಿ ಕಡೆ ಮಸಾರಿ (ಕೆಂಪು ಮಣ್ಣು) ಹೆಚ್ಚು, ಯಲಬುರ್ಗಾ ಕಡೆ ಎರಿ (ಕಪ್ಪು ಮಣ್ಣು) ಹೆಚ್ಚು. ಹೊಲದಲ್ಲಿ ಎರಿ ಭೂಮಿಯ ಮೆಣಸಿನಕಾಯಿಗೆ ಸಾಟಿಯಿಲ್ಲ, ಆದರೆ ಕುಂಡಕ್ಕೆ ಬರಿಯ ಎರಿ ತುಂಬಿದರೆ ಹಸಿಯಿದ್ದಾಗ ಬೇರಿಗೆ ಗಾಳಿಯಾಡದು, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಎರಡು ಪಾಲು ಮಸಾರಿ, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಕುರಿಗೊಬ್ಬರ, ಒಂದು ಪಾಲು ಮರಳು, ಮೇಲೊಂದು ಹಿಡಿ ಬೇವಿನ ಹಿಂಡಿ ಕೂಡಿಸಿದರೆ ಸಾಕು. ಕುರಿಗೊಬ್ಬರ ಹಸಿಯಿದ್ದರೆ ಎಳೆ ಬೇರನ್ನು ಸುಡುತ್ತದೆ. ಮಳೆಗಾಲ ಒಂದನ್ನಾದರೂ ಕಂಡ ಹಳೆಯ ಗೊಬ್ಬರವೇ ಆಗಬೇಕು.

ಹಂಗಾಮು

ಬೀಜ ಮೊಳೆಯಲು 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಹಿತ. ತಣ್ಣನೆಯ ದೇಶಗಳವರು ಬೀಜದ ತಟ್ಟೆಯ ಕೆಳಗೆ ಕಾಯಿಸುವ ಚಾಪೆ ಹಾಸುತ್ತಾರೆ. ಮುನಿರಾಬಾದಿನಲ್ಲಿ ಅಂಥ ಚಿಂತೆಯಿಲ್ಲ, ತಾಪತ್ರಯವಿರುವುದು ಹೂ ಬಿಡುವ ಹೊತ್ತಿಗೆ. ಹಗಲಿನ ಶಾಖ 35 ಡಿಗ್ರಿ ಮೀರಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಟ್ಟು ಹೂ ಉದುರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಮುಟ್ಟುವುದು ಮಾಮೂಲು. ಹೂ ಉದುರಿಗೆ ಇಂಗು ಕದಡಿದ ಹುಳಿಮಜ್ಜಿಗೆ ಸಿಂಪಡಿಸುವ ರೂಢಿ ಊರೂರಲ್ಲಿದೆ. ಅದರಿಂದ ಗಿಡಕ್ಕೆ ಕೆಡುಕೇನೂ ಇಲ್ಲ, ಆದರೆ ಮೇ ತಿಂಗಳ ಬಿಸಿಲಿನೆದುರು ಮಜ್ಜಿಗೆಯ ಆಟ ನಡೆಯದು.

ಆದ್ದರಿಂದ ಬೇಸಿಗೆ ಬರುವಷ್ಟರಲ್ಲಿ ಗಿಡ ತನ್ನ ದೊಡ್ಡ ಬೆಳೆ ಕೊಟ್ಟು ಮುಗಿಸಿರುವಂತೆ ಲೆಕ್ಕ ಹಾಕಿ ಬಿತ್ತಬೇಕು. ಜೂನ್ ಮೊದಲ ವಾರದ ಕೊನೆಗೆ ಹೂಡುವ ಮಿರಗದ ಮಳೆಗೆ ಬಿತ್ತಿದರೆ ಜುಲೈ ನಡುವೆ ಅಗಿ ಹಚ್ಚಬಹುದು, ಸೆಪ್ಟೆಂಬರ್ ಕೊನೆಗೆ ಮೊದಲ ಕೊಯ್ಲು. ಅಲ್ಲಿಂದ ಡಿಸೆಂಬರ್‌ವರೆಗೆ ಕಾಯಿಗೆ ಕೊರತೆಯಿಲ್ಲ. ಸೆಪ್ಟೆಂಬರ್ ನಡುವಿನ ಉತ್ತರಿ ಮಳೆಗೆ ಎರಡನೆಯ ಸಲ ಬಿತ್ತಿದರೆ ಜಾತ್ರೆಯ ಹೊತ್ತಿಗೆ ಕಾಯಿ ಕೈಗೆ ಬರುತ್ತದೆ. ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಮಿರಗದ ಬಿತ್ತನೆಯೇ ಮೇಲು: ಉತ್ತರಿಯ ಗಿಡಕ್ಕೆ ಚಳಿಗಾಲದ ಬೂದಿ ರೋಗ, ಅದರ ಬೆನ್ನಿಗೇ ಬೇಸಿಗೆ ಮುಂಚಿನ ನುಸಿ ಎರಡೂ ಅಂಟಿಕೊಳ್ಳುತ್ತವೆ. ಜನವರಿಯಲ್ಲಿ ಬೀಜ ಹಾಕುವ ಬೇಸಿಗೆ ಬೆಳೆ ನೀರು, ನೆರಳುಬಲೆ ಎರಡೂ ಇರುವ ರೈತರ ಬಾಬತ್ತು. ಕುಂಡದವರು ಅದರ ಗೊಡವೆಗೆ ಹೋಗದಿರುವುದೇ ಲೇಸು.

ಬೀಜದ ಆಯ್ಕೆ

ಅಡುಗೆಮನೆಯಲ್ಲಿರುವ ಕಾಯಿಯ ಬೀಜವನ್ನೇ ಹಾಕುವುದು ಎಲ್ಲರ ಮೊದಲ ಪ್ರಯೋಗ. ಸಂತೆಯಿಂದ ತಂದ ಹಸಿಕಾಯಿಯ ಬೀಜ ಬಹುಪಾಲು ಬಲಿತಿರುವುದಿಲ್ಲ, ಆದ್ದರಿಂದ ಹುಟ್ಟುವುದಿಲ್ಲ. ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣಿನ ಬೀಜವೇ ಬೇಕು. ಡಬ್ಬಿಯ ಒಣಮೆಣಸಿನಕಾಯಿ ಬಿಸಿಲಿಗೆ ಒಣಗಿದ್ದಾದರೆ ಅದರ ಬೀಜ ಹುಟ್ಟೀತು. ಆದರೆ ಉತ್ತರ ಕರ್ನಾಟಕದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ಯಾಡಗಿ. 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಆ ಕಾಯಿಗೆ ಖ್ಯಾತಿ ಬಂದದ್ದು ಬಣ್ಣದಿಂದ, ಖಾರ ಕಡಿಮೆ. ಹಸಿ ಖಾರ ಕುಟ್ಟಲು ಬ್ಯಾಡಗಿ ಗಿಡ ಬೆಳೆಸಿದವರಿಗೆ ನಾಲಿಗೆ ಚುರ್ ಎನ್ನುವುದಿಲ್ಲ.

ಹಸಿಕಾಯಿಗೆಂದೇ ಹೆಸರಾದ ತಳಿಗಳಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಜ್ವಾಲಾ ಎಲ್ಲ ಕಡೆ ಸಿಗುತ್ತದೆ: ತಿಳಿಹಸಿರು, ಉದ್ದ, ಮೈಯೆಲ್ಲ ಸುಕ್ಕು, ಒಳ್ಳೆಯ ಖಾರ. ಗುಂಟೂರು ಬಳಿಯ ಲಾಂ ಕೇಂದ್ರದಿಂದ ಬಂದ ಜಿ-4 ಹಸಿಗೂ ಸೈ, ಒಣಗಿಸಲೂ ಸೈ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್ ಕಡುಹಸಿರು, ಕಡುಖಾರ. ಅದೇ ಸಂಸ್ಥೆಯ ಅರ್ಕಾ ಮೇಘನಾ, ಅರ್ಕಾ ಹರಿತಾ ಸಂಕರಣ ತಳಿಗಳು. ರೋಗ ತಡೆಯುವುದರಲ್ಲಿ ಮುಂದು, ಆದರೆ ಅವುಗಳ ಹಣ್ಣಿನಿಂದ ತೆಗೆದ ಬೀಜಕ್ಕೆ ತಾಯಿಗುಣ ನಿಲ್ಲುವುದಿಲ್ಲ. ವರ್ಷವರ್ಷವೂ ತನ್ನದೇ ಬೀಜ ಕಟ್ಟಿಕೊಳ್ಳುವ ಆಸೆಯಿದ್ದವರು ಜ್ವಾಲಾ, ಲೋಹಿತ್‌ನಂಥವನ್ನೋ ಮನೆತನದಲ್ಲಿ ಬಂದ ಜವಾರಿಯನ್ನೋ ಹಿಡಿಯಬೇಕು. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜು ಮುನಿರಾಬಾದಿನಲ್ಲೇ ಇರುವುದರಿಂದ ತಳಿಯ ಬಗ್ಗೆ ಅನುಮಾನವಿದ್ದವರು ದೂರ ಹೋಗಿ ಕೇಳಬೇಕಾಗಿಲ್ಲ.

ಬಿತ್ತನೆ ಮತ್ತು ಅಗಿ

ಒಂದು ಗ್ರಾಂ ಬೀಜದಲ್ಲಿ ಹೆಚ್ಚುಕಡಿಮೆ 150ರಿಂದ 200 ಕಾಳು ಇರುತ್ತವೆ. ಮನೆಗೆ ಐದಾರು ಗಿಡ ಸಾಕಾದ್ದರಿಂದ ಚಿಟಿಕೆ ಬೀಜವೇ ಧಾರಾಳ. ಮೆಣಸಿನ ಪ್ರಮಾಣಿತ ಬೀಜಕ್ಕೆ ದೇಶದಲ್ಲಿ ನಿಗದಿಯಾದ ಕನಿಷ್ಠ ಮೊಳಕೆ ಶೇ. 60 ಮಾತ್ರ. ಹತ್ತು ಬೀಜ ಹಾಕಿ ಆರೇ ಹುಟ್ಟಿದರೆ ಅಂಗಡಿಯವನೊಡನೆ ಜಗಳಕ್ಕೆ ಹೋಗುವಂತಿಲ್ಲ! ಬೇಕಾದ್ದರ ಎರಡು ಪಟ್ಟು ಹಾಕುವುದು ಜಾಣತನ. ಪೊಟ್ಟಣದ ಬೀಜಕ್ಕೆ ಕೆಂಪು ಇಲ್ಲವೇ ನೀಲಿ ಔಷಧ ಬಳಿದಿರುತ್ತಾರೆ. ಮುಟ್ಟಿದ ಕೈ ತೊಳೆಯಬೇಕು. ಮನೆಯ ಬೀಜವಾದರೆ ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಬೆಳಗ್ಗೆ ಕೊಳೆರೋಗ ತಡೆಯುವ ಟ್ರೈಕೋಡರ್ಮಾ ಪುಡಿಯನ್ನು ಚಿಟಿಕೆ ಸವರಿ ಹಾಕಬಹುದು.

ನರ್ಸರಿಯವರು 98 ಗುಣಿಯ ಪ್ರೊಟ್ರೇಯಲ್ಲಿ ಕೋಕೋಪೀಟ್ ತುಂಬಿ ಬಿತ್ತುತ್ತಾರೆ. ಮನೆಯಲ್ಲಿ ತಳ ತೂತು ಮಾಡಿದ ಚಹಾ ಲೋಟ, ಅಗಲ ಬಾಯಿಯ ಹಳೆ ಡಬ್ಬಿ ಏನಾದರೂ ನಡೆದೀತು. ಬೀಜ ಅರ್ಧದಿಂದ ಒಂದು ಸೆಂಟಿಮೀಟರ್ ಆಳಕ್ಕಿರಬೇಕು, ಅದಕ್ಕಿಂತ ಕೆಳಗಿಳಿದರೆ ಮೇಲೆ ಬರಲು ತ್ರಾಣ ಸಾಲದು. ನೀರು ಚೆಂಬಿನಿಂದ ಸುರಿದರೆ ಬೀಜ ತೇಲಿ ಒಂದು ಮೂಲೆಗೆ ಸೇರುತ್ತದೆ. ಕೈಯಿಂದ ಚಿಮುಕಿಸಬೇಕು. ಜೂನ್ ಶಾಖಕ್ಕೆ ಏಳರಿಂದ ಹತ್ತು ದಿನದಲ್ಲಿ ಮಣ್ಣು ಸೀಳಿ ಬಾಗಿದ ಬಿಳಿ ಕಾಂಡ ಮೊದಲು ಕಾಣುತ್ತದೆ, ಮರುದಿನ ಅದು ನೆಟ್ಟಗಾಗಿ ಚೂಪು ತುದಿಯ ಎರಡು ಬೀಜದೆಲೆ ತೆರೆಯುತ್ತದೆ. ಕೆಲವು ಮೊಳಕೆಗಳು ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತೇ ಏಳುತ್ತವೆ. ಉಗುರಿನಿಂದ ಎಳೆದರೆ ಎಲೆಯೇ ಕಿತ್ತುಬರುತ್ತದೆ. ಎರಡು ಹೊತ್ತು ನೀರಿನ ಹನಿ ಬಿಟ್ಟರೆ ತಾನೇ ಕಳಚಿಬೀಳುತ್ತದೆ.

ಮೊಳೆತ ಅಗಿಯನ್ನು ಒಳಮನೆಯ ಕತ್ತಲಲ್ಲಿ ಇಟ್ಟರೆ ಉದ್ದುದ್ದ ಬೆಳೆದು ಸೋತು ಬೀಳುತ್ತದೆ. ಬೆಳಗಿನ ಬಿಸಿಲು ಬೀಳುವ ಪಡಸಾಲೆಯ ಅಂಚು ಒಳ್ಳೆಯದು. ಈ ಹಂತದಲ್ಲಿ ಅಗಿಯನ್ನು ಕೊಲ್ಲುವುದು ಸಾಮಾನ್ಯವಾಗಿ ಹೆಚ್ಚಿನ ನೀರು. ಮಣ್ಣು ಸದಾ ತೊಯ್ದಿದ್ದರೆ ಪಿಥಿಯಂ ಮುಂತಾದ ಶಿಲೀಂಧ್ರಗಳಿಂದ ಬುಡ ಕೊಳೆತು, ನಿನ್ನೆ ನಿಂತಿದ್ದ ಸಾಲು ಇವತ್ತು ಮಲಗಿರುತ್ತದೆ. ನೆಲದಲ್ಲೇ ಮಡಿ ಮಾಡುವವರು ಅದನ್ನು ಗೇಣುದ್ದ ಎತ್ತರಿಸುವುದು ಇದೇ ಕಾರಣಕ್ಕೆ.

ಐದಾರು ಎಲೆ ಬಂದು, 35ರಿಂದ 45 ದಿನ ತುಂಬಿದಾಗ ಕುಂಡಕ್ಕೆ ಹಚ್ಚಬೇಕು. ಗಿಡಕ್ಕೊಂದು ಅಡಿ ಅಗಲ, ಅಷ್ಟೇ ಆಳದ ಕುಂಡ ಅಥವಾ ಗ್ರೋಬ್ಯಾಗ್. ಹಿತ್ತಲಾದರೆ ಗಿಡದಿಂದ ಗಿಡಕ್ಕೆ ಒಂದೂವರೆ ಎರಡು ಅಡಿ. ಸಂಜೆ ಹಚ್ಚಿ, ಮೂರ್ನಾಲ್ಕು ದಿನ ನೆರಳು ಕಟ್ಟಿದರೆ ಬಾಡದೆ ಬೇರು ಹಿಡಿಯುತ್ತದೆ. ಹಿಂದಿನ ವರ್ಷ ಟೊಮೆಟೊ, ಬದನೆ ಇದ್ದ ಮಣ್ಣು ಬೇಡ: ಬಳಗ ಒಂದೇ, ರೋಗವೂ ಒಂದೇ. ನೆನೆಸಿದ ಶೇಂಗಾ ಹಿಂಡಿಯ ತಿಳಿಯನ್ನು ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಮೇವು ಸಾಕು. ಯೂರಿಯಾ ಚೆಲ್ಲಿದರೆ ಗಿಡ ಹಸಿರು ತುಂಬಿ ಮೆರೆಯುತ್ತದೆ, ಕಾಯಿ ಕಟ್ಟುವುದಿಲ್ಲ. ಆ ಸೊಕ್ಕಿನ ಚಿಗುರಿಗೆ ನುಸಿಯೂ ಬೇಗ ಬರುತ್ತದೆ.

ಮುಟುರು

ಮೆಣಸಿನ ಗಿಡಕ್ಕೆ ಎಲೆ ಮುದುಡುವ ಕಾಯಿಲೆಯನ್ನು ಈ ಭಾಗದಲ್ಲಿ ಮುಟುರು ರೋಗ ಎನ್ನುತ್ತಾರೆ. ಮನೆಯವರು ಸೋತು ಗಿಡ ಕಿತ್ತೆಸೆಯುವುದು ಹೆಚ್ಚಾಗಿ ಇದರಿಂದಲೇ. ಇದು ಒಂದೇ ರೋಗವಲ್ಲ, ಮೂರು ಕಾರಣಗಳು ಒಂದೇ ವೇಷದಲ್ಲಿ ಬರುತ್ತವೆ. ಎಲೆಯ ಅಂಚು ಮೇಲಕ್ಕೆ ಸುರುಳಿಗೊಂಡು ಎಲೆ ದೋಣಿಯ ಹಾಗಾದರೆ ಥ್ರಿಪ್ಸ್ ನುಸಿ. ಅಂಚು ಕೆಳಕ್ಕೆ ಮಡಚಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗಿ, ತಳಭಾಗ ಕಂದು ಹೊಳಪು ಪಡೆದರೆ ಹಳದಿ ಮೈಟ್ ನುಸಿ. ಎಲೆ ಹಳದಿಗಟ್ಟಿ, ಸಣ್ಣಗಾಗಿ, ಗಿಡವೇ ಗಿಡ್ಡಾಗಿ ಗೊಂಚಲುಗಟ್ಟಿದರೆ ಬಿಳಿನೊಣ ತಂದ ನಂಜು, ಅಂದರೆ ವೈರಸ್.

ಬಿಳಿ ಕಾಗದವೊಂದನ್ನು ಚಿಗುರಿನ ಕೆಳಗೆ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಥ್ರಿಪ್ಸ್ ಇದ್ದದ್ದು ಗೊತ್ತಾಗುತ್ತದೆ: ಒಂದು ಮಿಲಿಮೀಟರಿನ ಆಸುಪಾಸಿನ ತೆಳು ಹಳದಿ ಎಳೆಗಳು ಕಾಗದದ ಮೇಲೆ ಓಡಾಡುತ್ತವೆ. ಹೂವಿನೊಳಗಿಂದ ಕಪ್ಪನೆಯವು ಉದುರಿದರೆ ಅದು 2021–22ರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣದ ಮೆಣಸಿನ ಹೊಲಗಳನ್ನು ನೆಲಕಚ್ಚಿಸಿದ ಕಪ್ಪು ಥ್ರಿಪ್ಸ್ ಇರಬಹುದು. ಹೊರದೇಶದಿಂದ ಬಂದ ಈ ಜಾತಿ ಹೂವಿಗೇ ಬಾಯಿ ಹಾಕುವುದರಿಂದ ಕಾಯಿಯ ಆಸೆ ಬಿಡಬೇಕಾಗುತ್ತದೆ. ಮೈಟ್ ನುಸಿ ಬರಿಗಣ್ಣಿಗೆ ಬೀಳುವುದಿಲ್ಲ, ಭೂತಗನ್ನಡಿ ಬೇಕು.

ಮದ್ದು ಬೇರೆಬೇರೆ ಆದ್ದರಿಂದ ಈ ವಿಂಗಡಣೆ ಮುಖ್ಯ. ಥ್ರಿಪ್ಸ್‌ಗೆ ನೀಲಿ ಅಂಟುಹಾಳೆ ಕಟ್ಟಿ, ಲೀಟರ್ ನೀರಿಗೆ ಮೂರರಿಂದ ಐದು ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನು ನೀರಿನೊಡನೆ ಕದಡಿ ವಾರಕ್ಕೊಮ್ಮೆ ಸಂಜೆ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಬೇಕು. ಶೇ. 5ರ ಬೇವಿನ ಬೀಜದ ಕಷಾಯವೂ ಆದೀತು. ಮೈಟ್ ನುಸಿಗೆ ಲೀಟರಿಗೆ ಮೂರು ಗ್ರಾಂ ನೀರಿನಲ್ಲಿ ಕರಗುವ ಗಂಧಕ ಚೆನ್ನಾಗಿ ಹಿಡಿಯುತ್ತದೆ. ಚಳಿಗಾಲದಲ್ಲಿ ಎಲೆಯಡಿ ಬಿಳಿ ಹುಡಿಯಾಗಿ ಕಾಣುವ ಬೂದಿ ರೋಗಕ್ಕೂ ಅದೇ. ಆದರೆ ಬಿರುಬಿಸಿಲಿನಲ್ಲಿ, ಅಥವಾ ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಡುತ್ತದೆ. ಎರಡನ್ನೂ ಒಟ್ಟಿಗೆ ಬೆರೆಸಿ ಹೊಡೆದು, ಗಿಡ ಕರಕಲಾದ ಮೇಲೆ ರೋಗವನ್ನು ಬಯ್ಯುವುದುಂಟು. ನಂಜು ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ಸುಡಬೇಕು. ಹೊಲದ ಕೀಟನಾಶಕವನ್ನು ಮನೆಯ ಕುಂಡಕ್ಕೆ ತರುವುದು ಸಲ್ಲದು. ಎರಡು ದಿನಕ್ಕೊಮ್ಮೆ ಕಾಯಿ ಕಿತ್ತು ತಿನ್ನುವ ಗಿಡ ಅದು.

ಹೂವು, ಕಾಯಿ, ಖಾರ

ಹೂವು ತಲೆ ತಗ್ಗಿಸಿ ಬಿಡುತ್ತದೆ, ಐದಾರು ಬಿಳಿ ಎಸಳು. ಗಂಡು, ಹೆಣ್ಣು ಎರಡೂ ಒಂದೇ ಹೂವಿನಲ್ಲಿರುವುದರಿಂದ ಒಂಟಿ ಗಿಡವೂ ಕಾಯಿ ಕಟ್ಟುತ್ತದೆ. ಗಾಳಿಯಾಡದ ಬಾಲ್ಕನಿಯಲ್ಲಿದ್ದರೆ ಬೆಳಗ್ಗೆ ಕೊಂಬೆ ಅಲುಗಿಸಿದರಾಯಿತು. ಅಗಿ ಹಚ್ಚಿದ ಎರಡು, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ಕಾಯಿ ಗಟ್ಟಿಯಾಗಿ ಮೈ ಹೊಳೆದಾಗ ತೊಟ್ಟಿನೊಂದಿಗೆ ಕೀಳಬೇಕು, ಜಗ್ಗಿದರೆ ಮೃದುವಾದ ಕೊಂಬೆಯೇ ಮುರಿಯುತ್ತದೆ. ಕಾಯಿ ಕೀಳುತ್ತಾ ಹೋದಂತೆ ಹೂವೂ ಬರುತ್ತಿರುತ್ತದೆ. ನಾಲ್ಕು ಕಾಯಿ ಹಣ್ಣಾಗಲು ಬಿಟ್ಟರೆ ಹೊಸ ಹೂವು ಇಳಿಮುಖವಾಗುತ್ತದೆ.

ಖಾರ ಇರುವುದು ಬೀಜದಲ್ಲಿ ಎಂಬ ನಂಬಿಕೆ ತಪ್ಪು. ಕ್ಯಾಪ್ಸೈಸಿನ್ ತಯಾರಾಗುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದು ಸವರಿರುತ್ತದೆ ಅಷ್ಟೆ. ಅಮೆರಿಕದ ವಿಲ್ಬರ್ ಸ್ಕೋವಿಲ್ 1912ರಲ್ಲಿ ಖಾರ ಅಳೆಯುವ ಕ್ರಮವೊಂದನ್ನು ತಂದ. ಅಲ್ಲಿಯದೇ ವಿಜ್ಞಾನಿ ಡೇವಿಡ್ ಜೂಲಿಯಸ್ 1997ರಲ್ಲಿ ಇದೇ ಕ್ಯಾಪ್ಸೈಸಿನ್ ಹಿಡಿದು ದೇಹಕ್ಕೆ ಶಾಖ ತಿಳಿಸುವ ಗ್ರಾಹಕವನ್ನು ಗುರುತಿಸಿದ; 2021ರ ನೊಬೆಲ್‌ನಲ್ಲಿ ಅದಕ್ಕೆ ಪಾಲು ಸಿಕ್ಕಿತು. ಬಾಯಿ ‘ಉರಿಯಿತು’ ಎನ್ನುವುದು ಮೆದುಳಿನ ಮಟ್ಟಿಗೆ ಬರಿಯ ಮಾತಲ್ಲ. ಹಕ್ಕಿಗಳ ಗ್ರಾಹಕ ಕ್ಯಾಪ್ಸೈಸಿನ್‌ಗೆ ಜಗ್ಗುವುದಿಲ್ಲ, ಹಾಗಾಗಿ ಮಾಳಿಗೆಯ ಗಿಡಕ್ಕೆ ಗಿಳಿ ಬಂದರೆ ಖಾರದ ಭಯ ತೋರಿಸುವಂತಿಲ್ಲ, ಬಲೆಯೇ ಹಾಕಬೇಕು. ನೀರು ಕೊಂಚ ಬಿಗಿ ಹಿಡಿದಾಗ ಸಾಮಾನ್ಯವಾಗಿ ಖಾರ ಏರುತ್ತದೆ, ಆದರೆ ಗಿಡ ಬಾಡುವಷ್ಟು ಬಿಗಿ ಹಿಡಿದರೆ ಹೂವೇ ಉದುರುತ್ತದೆ. ಕಾಯಿ ಹೆಚ್ಚಿದ ಕೈ ಉರಿದಾಗ ತಣ್ಣೀರಿಗಿಂತ ಎಣ್ಣೆ ಸವರಿ ಒರೆಸಿಕೊಳ್ಳುವುದು ಗುಣ. ಕ್ಯಾಪ್ಸೈಸಿನ್ ಕರಗುವುದು ಜಿಡ್ಡಿನಲ್ಲಿ.

ಬೀಜ ಕಟ್ಟುವುದು

ಕುಷ್ಟಗಿ ಸುತ್ತಿನಲ್ಲಿ ಸಂಕರಣ ತರಕಾರಿ ಬೀಜೋತ್ಪಾದನೆ ಹಲವು ರೈತರ ಕಸುಬು. ನೆರಳುಬಲೆಯ ಕೆಳಗೆ ನಾಳೆ ಅರಳಲಿರುವ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಪರಾಗ ಸಿಡಿಯುವ ಮುನ್ನವೇ ಕೇಸರಗಳನ್ನು ಕಿತ್ತು, ಮರುದಿನ ಬೆಳಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸಿ, ಗುರುತಿಗೆ ದಾರ ಕಟ್ಟುತ್ತಾರೆ. ಹೂವೊಂದಕ್ಕೆ ಎರಡು ಸಲ ಕೈಯಾಡಬೇಕು. ಸಂಕರಣ ಬೀಜದ ಬೆಲೆಯ ಹಿಂದಿರುವುದು ಈ ಕೈಗೆಲಸ. ಮನೆಯಲ್ಲಿ ಬೇಕಾದದ್ದು ಇದರ ತಿರುವುಮುರುವು, ಹೊರಗಿನ ಪರಾಗ ಬಾರದಂತೆ ನೋಡಿಕೊಳ್ಳುವುದು. ಜೇನು ಮುಂತಾದ ಕೀಟಗಳಿಂದ ಮೆಣಸಿನಲ್ಲಿ ಬೆರಕೆ ಸುಲಭವಾಗಿ ಆಗುತ್ತದೆ. ಪ್ರಮಾಣಿತ ಬೀಜದ ಹೊಲಕ್ಕೂ ಬೇರೆ ತಳಿಯ ಹೊಲಕ್ಕೂ 200 ಮೀಟರ್ ಅಂತರ ಬೇಕೆಂಬ ನಿಯಮ ಅದಕ್ಕೇ. ಅಂಗಳದಲ್ಲಿ ಅಷ್ಟು ಜಾಗ ಎಲ್ಲಿಯದು? ಎರಡು ಮೂರು ಮೊಗ್ಗಿರುವ ರೆಂಬೆಗೆ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ದಾರ ಕಟ್ಟಿದರೆ ಆಯಿತು. ದಾರವಿಲ್ಲದಿದ್ದರೆ ಮನೆಯಲ್ಲಿ ಯಾರಾದರೊಬ್ಬರು ಅದನ್ನೇ ಕಿತ್ತು ಒಗ್ಗರಣೆಗೆ ಹಾಕಿರುತ್ತಾರೆ.

ಮುಟುರು ಬಾರದ, ಕಾಯಿ ಹೆಚ್ಚು ಬಿಟ್ಟ ಗಿಡದಲ್ಲಿ ಎರಡನೆಯ ಮೂರನೆಯ ಕೊಯ್ಲಿನ ಹೊತ್ತಿನ ಕಾಯಿಗಳನ್ನು ಬೀಜಕ್ಕೆ ಬಿಡಬೇಕು. ಪೂರ್ತಿ ಕೆಂಪಾಗಿ ಸುಕ್ಕು ಬಿದ್ದ ಮೇಲೆ ಕಿತ್ತು, ನೆರಳಲ್ಲಿ ಒಣಗಿಸಿ, ಸೀಳಿ ಬೀಜ ಉದುರಿಸಿಕೊಳ್ಳಬೇಕು. ಹುಲ್ಲಿನ ಹಳದಿ ಬಣ್ಣದ ತುಂಬಿದ ಬೀಜ ಇಟ್ಟುಕೊಂಡು, ಕಂದು ತಿರುಗಿದ್ದನ್ನೂ ಜೊಳ್ಳನ್ನೂ ಬಿಡಬೇಕು. ಬೂದಿ ಬೆರೆಸಿ ಗಡಿಗೆಯಲ್ಲಿಡುವುದು ಹಳೆಯ ಪದ್ಧತಿ. ಈಗ ಕಾಗದದ ಪೊಟ್ಟಣಕ್ಕೆ ತಳಿಯ ಹೆಸರು, ವರ್ಷ ಬರೆದು ಗಾಳಿಯಾಡದ ಸೀಸೆಯಲ್ಲಿಟ್ಟರೆ ಎರಡು ಮೂರು ವರ್ಷ ಮೊಳಕೆ ಬರುತ್ತದೆ. ಎರಡನೆಯ ವರ್ಷದಿಂದ ಬಿತ್ತುವ ಬೀಜ ಕೊಂಚ ಹೆಚ್ಚಿಗೆ ಹಾಕಬೇಕು.

ಬೀಜ ಕೊಟ್ಟ ಹಳೆ ಗಿಡವನ್ನು ಮಾರ್ಚ್‌ನಲ್ಲಿ ಮೊಳಕಾಲೆತ್ತರಕ್ಕೆ ಸವರಿ, ಬೇಸಿಗೆಯಿಡೀ ನೆರಳಲ್ಲಿಟ್ಟು ಹದವಾಗಿ ನೀರು ಹಾಕಿದರೆ ಮಿರಗದ ಮಳೆಗೆ ಮತ್ತೆ ಚಿಗುರುತ್ತದೆ. ಮೊದಲ ವರ್ಷದಷ್ಟು ಕಾಯಿ ಬಾರದಿದ್ದರೂ ಹೊಸ ಅಗಿ ಕಾಯಿಗೆ ಬರುವ ಮುನ್ನ ಒಗ್ಗರಣೆಗೆ ಸಾಲುವಷ್ಟು ಸಿಗುತ್ತದೆ. ಮುಟುರು ತಗುಲಿದ ಗಿಡವನ್ನು ಮಾತ್ರ ಹೀಗೆ ಉಳಿಸಬಾರದು. ಅದರ ನುಸಿ, ನಂಜು ಪಕ್ಕದ ಕುಂಡದ ಎಳೆ ಅಗಿಗೆ ಹೋಗುತ್ತದೆ.